ಮೊದಲು ನೆರಳು

ನಮ್ಮಕ್ಕನ ಕಥೆ ಕೇಳಿದೆಯಲ್ಲ, ಹೇಳುತ್ತೇನೆ. ಆದರೆ ಮಧ್ಯೆ ಮಧ್ಯೆ "ಆಮೇಲೆ ಅಜ್ಜಿ, ಆಮೇಲೆ" ಅಂತ ತಳ್ಳಬೇಡ. ನನ್ನ ಬಾಯಿ ಹಳೇ ಬಸ್ಸು, ಕೈ ತೋರಿಸಿದಲ್ಲೆಲ್ಲ ನಿಲ್ಲುತ್ತದೆ.

ನಮ್ಮಪ್ಪ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ. ನಾವಿಬ್ಬರೇ ಹೆಣ್ಣುಮಕ್ಕಳು. ಅಕ್ಕನ ಕೈಗೆ ಬ್ರಷ್ ಕೊಟ್ಟ, ನನ್ನ ಕೈಗೆ ಉಪ್ಪುಕಾಗದ. ಹಳೆಯ ಬೋರ್ಡನ್ನು ತಿಕ್ಕಿ, ಬಿಳಿ ಬಳಿದು, ಒಣಗಿಸಿ ಅಕ್ಕನ ಮುಂದಿಡುವುದು ನನ್ನ ಕೆಲಸ. ಈ ಹೆಬ್ಬೆರಳು ನೋಡು, ಗೆರೆಯೇ ಉಳಿದಿಲ್ಲ. ಮೊನ್ನೆ ಪಿಂಚಣಿಗೆ ಹೆಬ್ಬೆಟ್ಟು ಒತ್ತಲು ಹೋದರೆ ಆ ಮಷೀನು ನಾನು ಬದುಕಿದ್ದೇನೆಂದು ಒಪ್ಪಲೇ ಇಲ್ಲ. ಇರಲಿ, ಅದು ಬೇರೆ ಮಾತು.

ಬೇರೆ ಪೇಂಟರುಗಳು ಮೊದಲು ಅಕ್ಷರ ಬರೆದು ಆಮೇಲೆ ಅದಕ್ಕೆ ನೆರಳು ಕೊಡುತ್ತಾರೆ. ನಮ್ಮಪ್ಪನದು ಉಲ್ಟಾ. ಮೊದಲು ಕಪ್ಪಿನಲ್ಲಿ ನೆರಳು, ಅದು ಒಣಗಿದ ಮೇಲೆ ಅಕ್ಷರ. "ನೆರಳು ಸರಿಯಾಗಿ ಬಿದ್ರೆ ಅಕ್ಷರ ತಾನಾಗೇ ಎದ್ದು ನಿಲ್ಲುತ್ತೆ" ಅನ್ನುತ್ತಿದ್ದ. ಅಪ್ಪ ಹೋದ ಮೇಲೆ ಅಂಗಡಿ ಅಕ್ಕನದಾಯಿತು, ಆ ಅಭ್ಯಾಸವೂ ಅವಳದೇ ಆಯಿತು.

ವಾರವೆಲ್ಲ ಬೋರ್ಡು ಬರೆದವಳು ಭಾನುವಾರವಾದರೂ ಬಣ್ಣ ಮುಟ್ಟದೆ ಇರುತ್ತಾಳೆಯೇ? ಇಲ್ಲ. ಬಸ್ ಡಿಪೋದ ಹಿಂದೆ ನದಿಯ ಕಡೆ ಒಂದು ಇಳಿಜಾರು. ಅಲ್ಲೊಂದು ದೊಡ್ಡ ಮರ, ಮರದಿಂದಾಚೆ ಕುಸಿದ ಇಟ್ಟಿಗೆ ಗೋಡೆ. ಅಷ್ಟೇ. ಮಿಕ್ಕಿದ ಪ್ಲೈವುಡ್ ತುಂಡು ಹಿಡಿದು, ಸ್ಟೂಲು ಹಾಕಿಕೊಂಡು ಆ ಒಂದೇ ಜಾಗವನ್ನು ವರ್ಷಗಟ್ಟಲೆ ಬರೆದಳು. ಎಲೆ ಉದುರುವಾಗ ಒಂದು, ಚಳಿಗೆ ಒಂದು, ಚಿಗುರಿಗೆ, ಬಿಸಿಲಿಗೆ, ಮಳೆಗೆ ಒಂದೊಂದು.

ಡಿಪೋದ ಮೆಕ್ಯಾನಿಕ್ ಒಬ್ಬ ರೇಗಿಸುತ್ತಿದ್ದ: "ಏನಮ್ಮಾ, ಊರಲ್ಲಿ ಬೇರೆ ಮರ ಇಲ್ವಾ?"

"ಹೋದ್ಸಲ ನೋಡಿದ್ದು ಇದೇ ಮರ ಅಂತ ನಿಂಗ್ಯಾರು ಹೇಳಿದ್ದು?" ಅನ್ನುವಳು ಅಕ್ಕ.

ಅವಳದು ಎರಡು ಕಟ್ಟುನಿಟ್ಟು. ಬೆಳಿಗ್ಗೆ ಒಂಬತ್ತರಿಂದ ಹತ್ತರವರೆಗೆ ಮಾತ್ರ ಬರೆಯುವುದು. ಹತ್ತಾದರೆ ಬ್ರಷ್ ಕೆಳಗೆ. ಮತ್ತೆ, ಆಯಾ ಕಾಲದ ಚಿತ್ರವನ್ನು ಆಯಾ ಕಾಲದಲ್ಲೇ ಮುಟ್ಟುವುದು. ಮುಗಿಯದಿದ್ದರೆ ಗೋಡೆಗೆ ಮುಖ ಮಾಡಿ ನಿಲ್ಲಿಸಿ ಮುಂದಿನ ವರ್ಷಕ್ಕೆ ಕಾಯುವುದು.

ಮರದ ಕೆಳಗೆ ಅಳತೆಗೆ ಒಬ್ಬ ಮನುಷ್ಯ ಬೇಕಿತ್ತಲ್ಲ, ಅದು ನಮ್ಮ ಭಾವ. ಬಸ್ ಡ್ರೈವರು. ಎಷ್ಟು ಉದ್ದ ಅಂದರೆ ಎಲ್ಲರೂ ಏಣಿ ಅಂತಲೇ ಕರೆಯುತ್ತಿದ್ದರು. ಅಕ್ಕನೂ.

"ರೀ ಏಣಿ, ಅಲ್ಲಾಡ್ಬೇಡ್ರೀ."

"ವಾರಪೂರ್ತಿ ಕೂತಿರೋನು ಕಣೆ ನಾನು. ನಿಲ್ಲೋದೇ ನಂಗೆ ರಜಾ" ಅಂತ ಭಾವ ನಗುವನು. ನನ್ನ ಕಡೆ ತಿರುಗಿ, "ಚಿಕ್ಕೀ, ನಿಮ್ಮಕ್ಕಂಗೆ ನನ್ನ ನೆರಳು ಮಾತ್ರ ಇಷ್ಟ ನೋಡು. ನನ್ನ ಆಮೇಲೆ ನೋಡ್ಕೋತಾಳಂತೆ" ಅನ್ನುವನು. ಹೊರಗೆ ಬರೆಯುವಾಗಲೂ ಅವಳು ಮೊದಲು ಹಿಡಿಯುತ್ತಿದ್ದುದು ನೆರಳನ್ನೇ. ನೆರಳು ಓಡುತ್ತದೆ, ಮನುಷ್ಯ ಎಲ್ಲಿ ಹೋಗುತ್ತಾನೆ ಅನ್ನುವುದು ಅವಳ ಲೆಕ್ಕ.

ಒಂದು ಭಾನುವಾರ, ಎಲೆ ಉದುರುವ ಕಾಲ. ಮರ ಆಯಿತು, ಗೋಡೆ ಆಯಿತು, ಭಾವನ ನೆರಳೂ ಉದ್ದಕ್ಕೆ ಬಿತ್ತು. ಹತ್ತು ಹೊಡೆಯಿತು. "ಸಾಕು, ಡ್ಯೂಟಿಗೆ ಹೊತ್ತಾಯ್ತು. ನನ್ನನ್ನ ಮುಂದಿನ ವಾರ ಬರಿ" ಅಂತ ಭಾವ ಹೊರಟ. ಸಂಜೆ ಬಸ್ಸನ್ನು ಡಿಪೋಗೆ ತಂದು, ಎಂಜಿನ್ ಆರಿಸಿ, ಸ್ಟಿಯರಿಂಗ್ ಮೇಲೆ ತಲೆಯಿಟ್ಟವನು ಏಳಲಿಲ್ಲ. ಎದೆಬಡಿತ ನಿಂತುಹೋಗಿತ್ತು. ಚಿತ್ರದಲ್ಲಿ ನೆರಳು ಇತ್ತು, ಮನುಷ್ಯ ಇರಲಿಲ್ಲ.

ಅಕ್ಕ ಅತ್ತದ್ದನ್ನು ನಾನು ಕಾಣೆ. ಆ ಹಲಗೆಯನ್ನು ಗೋಡೆಗೆ ತಿರುಗಿಸಿಟ್ಟಳು, ಅಷ್ಟೇ. ಚಳಿ ಬಂದಾಗ ಸ್ಟೂಲು ಹಿಡಿದು ಮತ್ತೆ ಹೊರಟಳು. ನನಗೋ ಸಮಾಧಾನ, ಸದ್ಯ ಕೆಲಸಕ್ಕೆ ಕೈ ಹಾಕಿದಳಲ್ಲ ಎಂದು. ಚಿತ್ರ ಮನೆಗೆ ಬಂದ ಮೇಲೆ ನೋಡಿದೆ: ಬೋಳು ಮರ, ಗೋಡೆ, ನೆಲದ ಮೇಲೆ ಉದ್ದನೆಯ ನೆರಳು. ಯಾರೂ ಇಲ್ಲ. ಕೈಗೆ ಬಂದ ಅಭ್ಯಾಸ ಎಂದುಕೊಂಡೆ. ಚಿಗುರಿನ ಚಿತ್ರದಲ್ಲೂ ಇತ್ತು. ಬೇಸಿಗೆಯದರಲ್ಲೂ. ಮಳೆಗಾಲದ್ದನ್ನು ಬೆಳಕಿಗೆ ಹಿಡಿದು ಎರಡು ಸಲ ನೋಡಿದೆ. ಆಕಾಶವಿಡೀ ಮೋಡ, ನೆಲವೆಲ್ಲ ನೀರು, ಆ ನೀರಿನ ಮೇಲೂ ನೆರಳು.

"ಅಕ್ಕಾ, ಬಿಸಿಲೇ ಇಲ್ವಲ್ಲೇ. ನೆರಳೆಲ್ಲಿಂದ ಬಂತು?"

"ಇತ್ತು, ಬರ್ದೆ" ಅಂದಳು. ಉಪ್ಪು ಇತ್ತು, ಹಾಕಿದೆ ಅಂದ ಹಾಗೆ.

ಒಂದು ದಿನ ಅಂಗಡಿ ಗುಡಿಸುವಾಗ ಐದೂ ಹಲಗೆಗಳನ್ನು ಸಾಲಾಗಿ ಇಟ್ಟೆ. ಪೊರಕೆ ಕೆಳಗಿಟ್ಟೆ. ಎಲೆ ಉದುರುವಾಗ ಮರದ ಬುಡದಲ್ಲಿದ್ದ ನೆರಳು ಚಳಿಗೆ ಸ್ವಲ್ಪ ಈಚೆ ಬಂದಿತ್ತು. ಚಿಗುರಿಗೆ ಇನ್ನೂ ಈಚೆ. ಮಳೆಯಲ್ಲಿ ಅದರ ತಲೆ ಹಲಗೆಯ ಕೆಳ ಅಂಚಿಗೇ ತಾಗಿತ್ತು. ಅಂಚಿನಿಂದ ಈಚೆಗೆ ಏನಿರುತ್ತದೆ? ಅಕ್ಕನ ಸ್ಟೂಲು ತಾನೇ?

ಭಾವ ಒಳ್ಳೆಯವನೇ. ಆದರೆ ನಾನು ಆ ನೆರಳಿಗೆ ಬಾಯಿಬಿಟ್ಟೇ ಹೇಳಿದೆ, "ಭಾವ, ಅಕ್ಕನ್ನ ಕರ್ಕೊಂಡು ಹೋಗೋಕೆ ಬರ್ತಿದ್ದೀಯಾ? ಕೊಡಲ್ಲ. ನಂಗೆ ಇರೋದು ಅವಳೊಬ್ಬಳೇ." ಎಲೆ ಮತ್ತೆ ಉದುರಲು ಶುರುವಾಗಿತ್ತು, ಆ ಅರ್ಧ ಚಿತ್ರವನ್ನು ಅಕ್ಕ ಮತ್ತೆ ಕೈಗೆತ್ತಿಕೊಳ್ಳುವ ಕಾಲ. ಅಕ್ಕ ಮೆಡಿಕಲ್ ಶಾಪಿನ ಬೋರ್ಡಿಗೆಂದು ಹೊರಗೆ ಹೋಗಿದ್ದಳು. ನಾನು ಆ ಮೊದಲನೇ ಹಲಗೆ ತೆಗೆದು ತಿಕ್ಕಲು ಕೂತೆ.

ನನಗೆ ಗೊತ್ತಿದ್ದ ವಿದ್ಯೆ ಅದೊಂದೇ. ಮರ ಹೋಯಿತು, ಗೋಡೆ ಹೋಯಿತು. ಬಿಳಿ ಬಳಿದೆ. ಒಣಗುತ್ತಾ ಬಂದಂತೆ ಬಿಳಿಯ ಅಡಿಯಿಂದ ಬೂದು ಬಣ್ಣ ಎದ್ದಿತು, ಉದ್ದಕ್ಕೆ. ನಮ್ಮಪ್ಪ ಕಲಸಲು ಕಲಿಸಿದ ಕಪ್ಪು ಅದು, ಎಣ್ಣೆ ಜಾಸ್ತಿ, ಮರದ ಒಳಕ್ಕೆ ಇಳಿದುಬಿಡುತ್ತದೆ. ಗೊತ್ತಿದ್ದೂ ಮತ್ತೆ ತಿಕ್ಕಿದೆ, ಮತ್ತೆ ಬಳಿದೆ. ಮೂರನೇ ಸಲ ಬೂದು ಏಳುವುದನ್ನು ನೋಡುತ್ತಿರುವಾಗ ಅಕ್ಕ ಬಾಗಿಲಲ್ಲಿ ನಿಂತಿದ್ದಳು.

ಬೈಯುತ್ತಾಳೆ ಅಂದುಕೊಂಡೆ. ನನ್ನ ಕೈ ಹಿಡಿದು ತಿರುಗಿಸಿ ನೋಡಿದಳು. "ರಕ್ತ ಬಂದಿದೆಯಲ್ಲೇ, ಪೆದ್ದಿ."

"ಅವನು ಬರ್ತಿದ್ದಾನೆ ಅಕ್ಕಾ. ಪ್ರತೀ ಚಿತ್ರದಲ್ಲೂ ಹತ್ತಿರ ಬರ್ತಿದ್ದಾನೆ."

ಅಕ್ಕ ಸಾಲಾಗಿದ್ದ ಹಲಗೆಗಳನ್ನು ನೋಡಿದಳು. "ಮರ ನೋಡು" ಅಂದಳು.

ನೋಡಿದೆ. ಮರವೂ ಒಂದೊಂದು ಚಿತ್ರಕ್ಕೂ ದೊಡ್ಡದಾಗುತ್ತಾ ಬಂದಿತ್ತು. ಗೋಡೆಯೂ. ನೆರಳಿನ ಮೇಲೆ ನೆಟ್ಟ ಕಣ್ಣಿಗೆ ಅಷ್ಟು ದೊಡ್ಡ ಮರ ಬಿದ್ದೇ ಇರಲಿಲ್ಲ.

"ಅವರು ಬರ್ತಿಲ್ಲ ಕಣೆ" ಅಂದಳು. "ನಾನೇ ಸ್ಟೂಲು ಮುಂದೆ ಹಾಕ್ಕೊಂಡು ಹೋಗ್ತಿದ್ದೀನಿ."

ಅದನ್ನು ಕೇಳಿ ಹೆದರಿಕೆ ಕಡಿಮೆಯಾಗಬೇಕಿತ್ತು. ಆಗಲಿಲ್ಲ, ಹೆಚ್ಚಾಯಿತು. ಬರುವವನನ್ನಾದರೆ ಬಾಗಿಲು ಹಾಕಿ ತಡೆಯಬಹುದು. ಹೋಗುವವಳನ್ನು ಹೇಗೆ ತಡೆಯುವುದು?

ಮುಂದಿನ ಭಾನುವಾರ ಅಕ್ಕ ಆ ಬಿಳಿ ಹಲಗೆಯನ್ನೇ ಎತ್ತಿಕೊಂಡಳು. ನಾನೂ ಬೆನ್ನು ಹತ್ತಿದೆ. ಅವಳು ನೆಟ್ಟಗೆ ಮರದ ಬುಡಕ್ಕೆ ಹೋಗಿ, ಭಾವ ನಿಲ್ಲುತ್ತಿದ್ದ ಜಾಗದಲ್ಲೇ ನಿಂತು, ಈಚೆಗೆ ತಿರುಗಿದಳು. ಬಹಳ ಹೊತ್ತು ನೋಡಿದಳು.

"ಇಷ್ಟೇನಾ ಅವರು ನೋಡ್ತಿದ್ದಿದ್ದು? ನಾನು, ಒಂದು ಸ್ಟೂಲು?" ಅಂತ ತನ್ನಷ್ಟಕ್ಕೆ ಅಂದುಕೊಂಡಳು. ಆಮೇಲೆ ನನಗೆ, "ನನ್ನ ಹಳೇ ಜಾಗದಲ್ಲಿ ಸ್ಟೂಲು ಹಾಕ್ಕೊಂಡು ಕೂತ್ಕೋ" ಅಂದಳು.

ಕೂತೆ. ಒಂಬತ್ತಕ್ಕೆ ಶುರು ಮಾಡಿದಳು. ಬ್ರಷ್ಷನ್ನು ಕಪ್ಪಿಗೆ ಅದ್ದಿದ್ದು ಅಲ್ಲಿಂದಲೇ ಕಂಡಿತು. ನನ್ನ ನೆರಳು ಬರೆಯುತ್ತಿದ್ದಾಳೆ. ನನ್ನ ಬೆನ್ನ ಹಿಂದೆ ಬಿದ್ದಿದ್ದ ನೆರಳನ್ನು ತಿರುಗಿ ನೋಡಲೂ ಧೈರ್ಯವಿಲ್ಲ. ಡಿಪೋದಲ್ಲಿ ಹತ್ತು ಹೊಡೆಯಿತು. ಅಕ್ಕ ಬ್ರಷ್ ಒರೆಸಿದಳು.

"ಏಳು, ಉಳಿದದ್ದು ಮುಂದಿನ ವಾರ."

"ಏಳಲ್ಲ."

"ಬೆಳಕು ಹೋಯ್ತು ಕಣೆ."

"ಬೆಳಕು ಹಾಳಾಗ್ಹೋಗ್ಲಿ. ನನ್ನನ್ನ ನೆರಳಲ್ಲಿ ಬಿಟ್ಟು ಹೋಗ್ತೀಯಾ? ಮುಖ ಬರಿ. ಮೂಗು ಬರಿ. ಬರೆಯೋವರೆಗೆ ಏಳಲ್ಲ."

"ಹಟಮಾರಿ. ಹಸಿವಾಗುತ್ತೆ."

"ಆಗ್ಲಿ. ಒಂದು ದಿನ ಊಟ ಬಿಟ್ರೆ ನಾನೇನು ಸಾಯಲ್ಲ, ನೀನೂ ಸಾಯ್ಬೇಡ."

ಆ ಮಾತು ಬಾಯಿಂದ ಹೇಗೆ ಬಿತ್ತೋ ಗೊತ್ತಿಲ್ಲ.  ಗಾಳಿಗೆ ಎಲೆಗಳು ಉದುರಿ ಅಕ್ಕನ ತಲೆಯ ಮೇಲೆ, ಭುಜದ ಮೇಲೆ ಬಿದ್ದವು, ಕೊಡವಿಕೊಳ್ಳಲಿಲ್ಲ. ಆಮೇಲೆ ಹಳದಿ ಡಬ್ಬಿಯ ಮುಚ್ಚಳ ತೆಗೆದಳು. ಆ ಇಳಿಜಾರಿನಲ್ಲಿ ಮೊದಲ ಸಲ ಹತ್ತು ಗಂಟೆಯ ನಂತರ ಬರೆದಳು. ಮಧ್ಯಾಹ್ನವಾಯಿತು. ಬಿಸಿಲು ನನ್ನ ಹಿಂದಕ್ಕೆ ಹೋಯಿತು. ಕಾಲು ಮರಗಟ್ಟಿತು. ಸಂಜೆ ಡಿಪೋಗೆ ಬಸ್ಸುಗಳು ತಿರುಗಿ ಬರುವ ಹೊತ್ತಿಗೆ ಅವಳು "ಬಾ, ನೋಡು" ಅಂದಳು.

ನೆರಳು ಬೆಳಗಿನದು, ಮುಖ ಸಂಜೆಯದು. ನೆರಳೂ ಹಿಂದೆ, ಬೆಳಕೂ ಹಿಂದೆ. ಚಿತ್ರ ಬಲ್ಲವರು ಇವತ್ತಿಗೂ ಅದನ್ನು ತಪ್ಪು ಅನ್ನುತ್ತಾರೆ. ಮಳೆಗಾಲದಲ್ಲಿ ಚಿತ್ರದ ಅಡಿಯಿಂದ, ನನ್ನ ಪಕ್ಕದಲ್ಲಿ, ಆ ಉದ್ದನೆಯ ಬೂದು ಕಲೆ ಏಳುತ್ತದೆ, ಚಳಿಗೆ ಮಸುಕಾಗುತ್ತದೆ. ನಾನು ಮುಟ್ಟುವುದಿಲ್ಲ.

"ನನ್ನ ಮೂಗು ಇಷ್ಟು ದಪ್ಪನಾ?" ಅಂದೆ.

"ಇತ್ತು, ಬರ್ದೆ" ಅಂದಳು ಅಕ್ಕ. ಹಾಗೆಂದು ಸ್ಟೂಲು ಎತ್ತಿಕೊಂಡಳು. ಇಳಿಜಾರು ಹತ್ತುವಾಗ ನಾನು ಅವಳ ಸೆರಗು ಹಿಡಿದೇ ನಡೆದೆ. ಅವಳು ಬಿಡು ಅನ್ನಲಿಲ್ಲ.