ಗವರ್ನರನಿಗೆ ಸಿಗದ ಬಿಡುಗಡೆ

ಸಿಟ್ಟು ಬಂದರೆ ದೊಡ್ಡಪ್ಪನ ಕುತ್ತಿಗೆಯ ನರ ಬಿಳಿ ರುಮಾಲಿನ ಅಂಚಿನಿಂದ ಹೆಗಲವರೆಗೆ ಹಗ್ಗದ ಹಾಗೆ ಎದ್ದು ನಿಲ್ಲುತ್ತಿತ್ತು. ಊಟಿ ಬೆಟ್ಟದಲ್ಲಿ, ಇತ್ತಲಾರ್ ಕಡೆಯ ನಮ್ಮ ಹಟ್ಟಿಯಲ್ಲಿ ಯಾರೇ ಸತ್ತರೂ ಹೆಣದ ಮುಂದೆ ನಿಂತು ಅವರ ಪಾಪ ಹೇಳುವವರು ಅವರೇ. ಮೇರೆಕಲ್ಲು ಸರಿಸಿದ್ದು, ಬಾಯಾರಿ ಬಂದವನನ್ನು ಅಟ್ಟಿದ್ದು, ಒಂದೊಂದನ್ನು ಹೇಳಿದಾಗಲೂ ನಾವೆಲ್ಲ ‘ಪಾಪ’ ಎನ್ನಬೇಕು. ಕೊನೆಗೆ ‘ಎಲ್ಲ ಬಿಟ್ಟುಹೋಗಲಿ’ ಎಂದು ಅವರು ಕೈ ಎತ್ತಿದರೆ ಸತ್ತವರಿಗೆ ಬಿಡುಗಡೆ. ಎಂಥ ಕೆಟ್ಟವನಿಗೂ ಆ ಮಾತನ್ನು ಅವರು ತಪ್ಪಿಸಿದವರಲ್ಲ. ಉಳಿದ ದಿನ ಟೀ ಎಲೆ ಕೀಳುತ್ತ, ಫ್ಯಾಕ್ಟರಿಯವರನ್ನು ಬೈಯುತ್ತ, ನನ್ನ ಕಾಲೇಜು ಓದನ್ನು ಗೇಲಿ ಮಾಡುತ್ತ ಇರುತ್ತಿದ್ದರು.

ಕೆಲ ವರ್ಷಗಳ ಹಿಂದೆ ಊಟಿಯ ಕೆಲವು ದೊಡ್ಡ ಮನುಷ್ಯರು ನಮ್ಮ ಹುಲ್ಲುಗಾವಲಿಗೆ ಹಳೆಯ ಬ್ರಿಟಿಷ್ ಗವರ್ನರನೊಬ್ಬನ ಹೆಸರಿಡಲು ಹೊರಟರು. ಪ್ರವಾಸಿಗಳು ಬರುತ್ತಾರಂತೆ. ನಾವು ಹೆಣ ಇಳಿಸುವ ಜಾಗ ಅದು. ಅಲ್ಲೇ ಶಾಮಿಯಾನ ಹಾಕಿ, ಮೈಕಿನಲ್ಲಿ ಆತನ ಸಾಧನೆ ಓದಿದರು: ಹುಡುಗನಾಗಿ ಹಡಗಿಳಿದದ್ದು, ಕಲೆಕ್ಟರ್ ಆದದ್ದು, ಗವರ್ನರ್ ಆಗಿ ಬೇಸಿಗೆಗೆ ಇಡೀ ಸರ್ಕಾರವನ್ನೇ ಬೆಟ್ಟಕ್ಕೆ ತಂದದ್ದು, ತನ್ನ ಸೀಮೆಗೆ ಮರಳಿ ಬಿರುದು ಪಡೆದದ್ದು. ಆ ಸರ್ಕಾರದ ಗಂಟುಮೂಟೆ ಯಾರ ಬೆನ್ನ ಮೇಲೆ ಬೆಟ್ಟ ಹತ್ತಿತು ಎಂದು ಒಬ್ಬನೂ ಬಾಯಿಬಿಡಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಕೊನೆಗೆ, ಹಟ್ಟಿಯ ಪರವಾಗಿ ಎರಡು ಒಳ್ಳೆಯ ಮಾತಾಡಿ ಎಂದು ದೊಡ್ಡಪ್ಪನನ್ನು ಕರೆದರು.

ಹೆಣದ ಮುಂದೆ ನಿಲ್ಲುವಂತೆಯೇ ಅವರು ಗವರ್ನರನ ಪಟದ ಮುಂದೆ ನಿಂತರು. ತಮ್ಮ ಅಜ್ಜನ ಬಾಯಲ್ಲಿ ಕೇಳಿದ್ದನ್ನು ಸಾವಿನ ಮನೆಯ ರಾಗದಲ್ಲೇ ಎತ್ತಿದರು. ಎಮ್ಮೆ ಮೇಯುವ ಹುಲ್ಲಿಗೆ ಬೇಲಿ ಹಾಕಿ ಕುದುರೆ ಬಿಟ್ಟದ್ದು. ನಾವು ‘ಪಾಪ’ ಎಂದೆವು. ಜ್ವರ ಬಂದವನ ತಲೆಗೂ ಪೆಟ್ಟಿಗೆ ಹೊರಿಸಿದ್ದು. ಪಾಪ. ದಾರಿಯಲ್ಲಿ ಬಿದ್ದು ಸತ್ತವನನ್ನು ಹಟ್ಟಿಗೆ ತರಲು ಬಿಡದೆ ಸಾಮಾನು ಸಾಗಿಸಿದ್ದು. ಹೆಂಗಸರು ಎದ್ದು ನಿಂತು ಹೇಳಿದರು, ಪಾಪ. ಆಮೇಲೆ ದೊಡ್ಡಪ್ಪ ಕೈ ಎತ್ತಲಿಲ್ಲ. ಸುಮ್ಮನೆ ಬಂದು ಕೂತರು.

ಊಟಿಯವರಿಗಿಂತ ಹೆಚ್ಚು ಹೆದರಿದವರು ನಮ್ಮ ಹಿರಿಯರು. ಪಾಪ ಹೇಳಿ ಬಿಡಿಸದೆ ನಿಲ್ಲಿಸಬಾರದು, ಮುಗಿಸಿಬಿಡು ಎಂದು ಅಂಗಲಾಚಿದರು.

“ಅವನ ಬುಡೋದು ಎನ್ನ ಕೈಲಿ ಇಲ್ಲೆ,” ಎಂದರು ದೊಡ್ಡಪ್ಪ. “ಪೆಟ್ಟಿಗೆ ಹೊತ್ತು ಸತ್ತವ ಬಂದು ಬುಡಲಿ.”

ಹೆಸರಿನ ಹಲಗೆ ಬಂದ ಲಾರಿಯಲ್ಲೇ ವಾಪಸು ಹೋಯಿತು.

ಕಳೆದ ಚಳಿಗಾಲದಲ್ಲಿ ದೊಡ್ಡಪ್ಪ ತೀರಿಕೊಂಡರು. ಅದೇ ಹುಲ್ಲಿನ ಮೇಲೆ ಮಲಗಿಸಿದೆವು. ಅವರಿಂದಲೇ ಕಲಿತ ಹಿರಿಯರೊಬ್ಬರು ಪಾಪ ಹೇಳಲು ನಿಂತರು. ಸಿಟ್ಟಿಗೆ, ಬೈಗುಳಕ್ಕೆ, ಎಲ್ಲಕ್ಕೂ ‘ಪಾಪ’ ಎಂದೆವು. ಕೊನೆಯಲ್ಲಿ ಅವರು ತಡವರಿಸಿ, ಹೇಳಲೇಬೇಕಾದದ್ದನ್ನು ಹೇಳಿದರು: “ಸತ್ತವನೊಬ್ಬನ ಬುಡದೆ ಕೂತ.”

ಯಾರೂ ‘ಪಾಪ’ ಎನ್ನಲಿಲ್ಲ. ನಾನೂ ಎನ್ನಲಿಲ್ಲ. ಹಿರಿಯರು ಸ್ವಲ್ಪ ಕಾದರು, ಆಮೇಲೆ ಕೈ ಎತ್ತಿದರು.