ಮಾತಾಡಿಸಲು ಬಂದವರ ಚಹಾ

ಅಲಖನೂರಿನಲ್ಲಿ ಯಾರೇ ಹಾಸಿಗೆ ಹಿಡಿದರೂ ಮೊದಲು ಬಾಗಿಲಿಗೆ ಬರುವವರು ರಾವಸಾಹೇಬ. ಕೈಯಲ್ಲೊಂದು ಬಿಸ್ಕಿಟ್ ಪುಡಿಕೆ, ಬಾಯಿ ತುಂಬ ಧೈರ್ಯ. ಧೈರ್ಯ ಹೇಳುವುದರಲ್ಲಿ ತಮ್ಮನ್ನು ಮೀರಿಸುವವರು ರಾಯಬಾಗ ತಾಲೂಕಿನಲ್ಲೇ ಇಲ್ಲವೆಂದು ಅವರು ನಂಬಿದ್ದರು. ಹಾಗೆಂದು ಯಾರೂ ಯಾವತ್ತೂ ಹೇಳಿರಲಿಲ್ಲ ಎಂಬುದು ಈಗ ಹೊಳೆದು ಅವರಿಗೇ ನಗು ಬರುತ್ತದೆ.

ಪಕ್ಕದ ಮನೆಯ ಕೋಮಲ ಕಬ್ಬಿನ ಟ್ರಾಲಿಯಿಂದ ಬಿದ್ದು ಮೊಣಕಾಲು ಮುರಿದುಕೊಂಡಾಗ ಅವರ ಬಾಯಿಗೆ ಸುಗ್ಗಿ. ಮಿರಜದಲ್ಲಿ ಆಪರೇಷನ್ ಆಗಿ ಹುಡುಗಿ ಮನೆಗೆ ಬಂದಳು. ದಿನಾ ಬೆಳಿಗ್ಗೆ ಸಂಜೆ ಕಾಲು ಮಡಚಿಸಬೇಕು, ಅತ್ತರೂ ಬಿಡಬಾರದು, ಈಗ ಬಿಟ್ಟರೆ ಕಾಲು ಸೆಟೆದುಕೊಂಡೇ ಉಳಿಯುತ್ತದೆ ಎಂದು ಡಾಕ್ಟರು ತಾಯಿ ಸೀಮಾಳಿಗೆ ಕಲಿಸಿ ಕಳಿಸಿದ್ದರು.

ಆದರೆ ಮಾತಾಡಿಸಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸುವ ಪದ್ಧತಿ ಊರಲ್ಲಿಲ್ಲ, ಚಹಾ ಕೊಡದೆ ಕಳಿಸುವುದಂತೂ ಇಲ್ಲವೇ ಇಲ್ಲ. ಜನ ಬರುವುದೂ ಸಂಜೆಯೇ. ರಾವಸಾಹೇಬರು ದಿನಾ ಬಂದು, ಇನ್ನೂ ಬಂದಿಲ್ಲದವರನ್ನು ಹುಡುಕಿ ಕರೆತಂದು, ಮಂಚದ ಪಕ್ಕದ ಕುರ್ಚಿ ಹಿಡಿದು ಕೂರುತ್ತಿದ್ದರು. ಸೀಮಾ ಕಾಲು ಹಿಡಿದಳೆಂದರೆ ಹುಡುಗಿ ಅಳುವಳು, ಕೂಸಿಗೆ ತ್ರಾಸ ಕೊಡಬೇಡವೆಂದು ಇವರೇ ಬಿಡಿಸುವರು. ಸೀಮಾ ಎದ್ದು ಒಲೆಯತ್ತ ಹೋಗುವಳು.

ಒಂದು ಸಂಜೆ ಅವರು ಚಹಾಕ್ಕೆ ಸಕ್ಕರೆ ಸ್ವಲ್ಪ ಮುಂದಿರಲಿ ಎಂದರು. ಅದುವರೆಗೆ ಅವರೆದುರು ತಲೆ ಎತ್ತಿ ಮಾತಾಡದ ಸೀಮಾ ಪಾತ್ರೆ ಕೆಳಗಿಟ್ಟಳು.

“ಕಾಕಾ, ಸಿಟ್ಟಾಗಬ್ಯಾಡ್ರಿ. ನೀವು ದಿನಾ ಬರತೀರಿ, ನಾ ದಿನಾ ಚಾ ಮಾಡತೀನಿ. ಅಕಿ ಕಾಲ ಮಾತ್ರ ಹಂಗ ಸೆಟಕೊಂಡ ಕುಂತೈತ್ರಿ.”

ರಾವಸಾಹೇಬರು ಚಹಾ ಕುಡಿಯದೆ ಮನೆಗೆ ಬಂದು, ತಮಗೆ ಅವಮಾನವಾಯಿತೆಂದು ಹೆಂಡತಿಯ ಮುಂದೆ ಕೂಗಾಡಿದರು. ರುಕ್ಮವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ತಾನಾಗಿದ್ದರೆ ಆ ಮಾತನ್ನು ಎಂದೋ ಅಂದುಬಿಡುತ್ತಿದ್ದೆ ಎಂದಳು. ಅಷ್ಟಕ್ಕೇ ಸಿಟ್ಟು ಇಳಿದು, ಆ ಜಾಗಕ್ಕೆ ನಾಚಿಕೆ ಬಂತು.

ಮರುದಿನ ಸಂಜೆ ರಾವಸಾಹೇಬರ ಮನೆಯ ಕಟ್ಟೆಯ ಮೇಲೆ ಗ್ಯಾಸಿನ ಒಲೆ ಬಂದು ಕೂತಿತು. ಮಾತಾಡಿಸಲು ಬಂದವರನ್ನೆಲ್ಲ ಅಲ್ಲೇ ತಡೆದು, ತಮ್ಮ ಕೈಯಿಂದಲೇ ಚಹಾ. ಹುಟ್ಟಿದಾಗಿನಿಂದ ಒಲೆ ಹಚ್ಚಿದವರಲ್ಲ. ಅವರ ಚಹಾ ಕುಡಿದ ಯಾರೂ ಮರಳಿ ಬರಲಿಲ್ಲ, ಹೀಗಾಗಿ ಸೀಮಾಳಿಗೆ ಇನ್ನಷ್ಟು ಅನುಕೂಲವೇ ಆಯಿತು.

ಪಕ್ಕದ ಮನೆಯೊಳಗೆ ಕೋಮಲ ಚೀರುವಾಗ ಮಾತ್ರ ಕೂರುವುದು ಕಷ್ಟ. ಒಮ್ಮೆ ಓಣಿಯ ಮಲ್ಲೇಶ ಎದ್ದೇಬಿಟ್ಟ. ರಾವಸಾಹೇಬರು ಅವನ ಅಂಗಿ ಹಿಡಿದು ಕೂರಿಸಿದರು.

“ನೀ ಮನಷ್ಯಾ ಅದಿಯೋ, ಕಲ್ಲ ಅದಿಯೋ? ಕೂಸು ಅಳಾಕತ್ತೈತಿ,” ಎಂದ ಮಲ್ಲೇಶ.

ಒಳ್ಳೆಯವನೆನ್ನಿಸಿಕೊಳ್ಳಲು ಜೀವಮಾನವಿಡೀ ಮಾತು ಖರ್ಚು ಮಾಡಿದವರು ಈಗ ಕಲ್ಲೆನ್ನಿಸಿಕೊಂಡರೂ ಅಂಗಿ ಬಿಡಲಿಲ್ಲ. ಕಣ್ಣು ಒರೆಸಿಕೊಂಡು ಹೊಗೆ ಎಂದರು. ಗ್ಯಾಸಿಗೆ ಎಲ್ಲಿಯ ಹೊಗೆ ಎಂದು ಮಲ್ಲೇಶ ಕೇಳದಿದ್ದದ್ದು ಅವನ ದೊಡ್ಡತನ.

ಹೀಗೇ ಎಷ್ಟೋ ದಿನ ಕಳೆದ ಮೇಲೆ ಒಂದು ಸಂಜೆ ಒಳಗಿನಿಂದ ಅಳು ಕೇಳಲಿಲ್ಲ. ಹುಡುಗಿಗೆ ಏನಾಯಿತೋ ಎಂದು ರಾವಸಾಹೇಬರು ಒಲೆ ಆರಿಸಿ ಎದ್ದರು. ಅಷ್ಟರಲ್ಲಿ ಬಾಗಿಲು ತೆರೆಯಿತು. ಕೋಮಲ ತಾಯಿಯ ಕೈ ಹಿಡಿದು, ಹಲ್ಲು ಕಚ್ಚಿ, ಮೊಣಕಾಲು ಮಡಚಿ, ಎತ್ತರದ ಹೊಸ್ತಿಲಿನಾಚೆ ಕಾಲಿಟ್ಟಳು. ಕಟ್ಟೆಯ ಮೇಲೆ ರಾವಸಾಹೇಬರ ಕಣ್ಣಲ್ಲಿ ನೀರು ಸುರಿಯುವುದನ್ನು ನೋಡಿ ಗಾಬರಿಯಾದಳು.

“ಅಜ್ಜಾ, ನಿಮಗ ಎಲ್ಲಿ ನೋವ ಆಗಾಕತ್ತೈತ್ರಿ?”

ಊರ ಮನೆಮನೆಗೂ ಹಂಚಿ ಬಂದಿದ್ದ ಮಾತುಗಳಲ್ಲಿ ಒಂದೂ ಅವರಿಗೆ ನೆನಪಾಗಲಿಲ್ಲ. ಆ ಮೊಣಕಾಲನ್ನೇ ನೋಡುತ್ತ, ಎಲ್ಲರೆದುರು ಜೋರಾಗಿ ಅತ್ತರು.