ಬೇಡ ಅಂದ ಮನೆಮಂದಿ

ಟೀಮು, ಕಮಿಟಿ, ಫ್ಯಾಮಿಲಿ. ಇಂಥ ಗುಂಪಿನ ಪದಗಳಾದ ಮೇಲೆ ಇಂಗ್ಲಿಷಿನಲ್ಲಿ ‘ಹೂ’ (who) ಬರಬೇಕೋ, ‘ವಿಚ್’ (which) ಬರಬೇಕೋ? ಬಾಗೇವಾಡಿಯ ಕಾಲೇಜಿನಲ್ಲಿ ಪ್ರತಿ ವರ್ಷ ಇದನ್ನು ಪಾಠ ಮಾಡುತ್ತೇನೆ. ಒಳಗಿನ ಒಬ್ಬೊಬ್ಬ ಮನುಷ್ಯನೂ ಕಣ್ಣಿಗೆ ಕಂಡರೆ ‘ಹೂ’. ಎಲ್ಲರೂ ಸೇರಿ ಒಂದೇ ಮುದ್ದೆ ಎನಿಸಿದರೆ ‘ವಿಚ್’. (ಮುದ್ದೆ ಎಂದದ್ದಕ್ಕೆ ನಮ್ಮ ರೊಟ್ಟಿ ಸೀಮೆಯವರು ಕ್ಷಮಿಸಬೇಕು.)

ಕಳೆದ ವಾರ ಈ ಪಾಠ ಮುಗಿಸಿ ಹೊರಟರೆ ಹಿಂದೆಯೇ ಮಾಳವ್ವ ಬಂದಳು. ಇಂಗಳೇಶ್ವರದ ಕುರಿ ಸಾಕುವ ಮನೆಯ ಹುಡುಗಿ. ಪಿಯುಸಿ ಮುಗಿಸಿ, ವಿಜಾಪುರದಲ್ಲಿ ಟಿಸಿಎಚ್ ಓದಿ ಟೀಚರಾಗುವ ಆಸೆ ಅವಳದು.

“ಹಾಸ್ಟೆಲ್ಲಿಗೆ ಕಳಸಂಗಿಲ್ಲಂತ್ರಿ ಮೇಡಂ. ಮನಿ ಮಂದಿ ಬ್ಯಾಡ ಅಂತಾರ್ರಿ.”

“ಮನಿ ಮಂದ್ಯಾಗ ಯಾರವಾ?”

“ಎಲ್ಲಾರೂರಿ...” ಅಷ್ಟು ಹೇಳಿ ಅಳತೊಡಗಿದಳು.

ನನಗೆ ಸಿಟ್ಟು ನೆತ್ತಿಗೇರಿತು. ಭಾನುವಾರ ಬಸ್ಸು ಹತ್ತಿ ಅವರ ಮನೆಗೇ ಹೋದೆ. ಜಗಳಕ್ಕೆ ಸೆರಗು ಸಿಕ್ಕಿಸಿಕೊಂಡೇ ಹೋದದ್ದು ಅನ್ನಿ. ಆದರೆ ಜಗಳವಾಡಲು ಯಾರಾದರೂ ಸಿಗಬೇಕಲ್ಲ?

“ನಂದೇನೂ ತಕರಾರಿಲ್ರಿ. ತಮ್ಮಗ ಮನಸ್ಸಿಲ್ಲೇನೋ ಅಂತ ಸುಮ್ನಾದೆ” ಎಂದರು ಮಾಳವ್ವನ ಅಪ್ಪ.

“ಅಯ್ಯ, ನಾ ಯಾಕ ಅಡ್ಡ ಬರ್ಲಿರಿ? ಅಣ್ಣನ ಬಾಯಾಗ ಮಾತ ಬರ್ಲಿಲ್ಲ. ಹಿರ್ಯಾರ ಮುಂದ ನಾ ಹೆಂಗ ಮಾತಾಡ್ಲಿ?” ಎಂದ ಕಾಕಾ.

ಅವ್ವ ಒಲೆಯ ಮುಂದಿನಿಂದಲೇ, “ಅತ್ತಿಯವ್ರಿಗೆ ಸೇರಂಗಿಲ್ಲಂತ ತಿಳಕೊಂಡಿದ್ದೆರಿ” ಎಂದಳು.

ಉಳಿದದ್ದು ಅಜ್ಜಿ. ಉಣ್ಣೆ ನೂಲುತ್ತಿದ್ದವರು ಕೈ ನಿಲ್ಲಿಸಿದರು.

“ನನ್ನ ಯಾರ ಕೇಳ್ಯಾರ? ಗಂಡಮಕ್ಕಳು ಬ್ಯಾಡಂದಾರಂತ ಹೊಟ್ಟ್ಯಾಗ ಸಂಕಟ ಇಟ್ಕೊಂಡು ಕುಂತೇನಿ!”

ಅಬ್ಬಾ! ಬೇಡ ಅಂದವರು ಒಬ್ಬರೂ ಇಲ್ಲ. ಒಬ್ಬರಿಗೆ ಮರ್ಯಾದೆ ಕೊಡಲು ಇನ್ನೊಬ್ಬರು ಬಾಯಿ ಮುಚ್ಚಿಕೊಂಡಿದ್ದರು. ಅಷ್ಟು ಒಳ್ಳೆಯ ಜನ ಸೇರಿ ಒಂದು ಹುಡುಗಿಯ ಓದು ನಿಲ್ಲಿಸುವುದರಲ್ಲಿದ್ದರು. ನನಗೆ ನಗುವೂ ಬಂತು, ಮರುಕವೂ ಹುಟ್ಟಿತು. ಯಾರನ್ನು ಬೈಯಲಿ ಹೇಳಿ?

“ಹೋಗ ಯವ್ವಾ, ಕಲತು ಬಾ” ಎಂದರು ಅಜ್ಜಿ. ಅಪ್ಪ ಎದ್ದು ಹೊರಗೆ ಹೋದರು, ಕಣ್ಣು ಒರೆಸಿಕೊಳ್ಳಲು. ಕಾಕಾ ಆಗಲೇ ಟ್ರಂಕಿನ ಮಾತೆತ್ತಿದ್ದ.

ಬಸ್ಸಿನ ತನಕ ಬಿಡಲು ಬಂದ ಮಾಳವ್ವನನ್ನು ಗದರಿಸಿದೆ: “ಹುಚ್ಚಿ, ಒಮ್ಮೆ ನೀನೇ ಬಾಯಿಬಿಟ್ಟು ಕೇಳಬಾರದಿತ್ತೇನ?”

“ಯಾರನ್ನ ಅಂತ ಕೇಳ್ಲಿರಿ ಮೇಡಂ?”

ಬಸ್ಸು ಬಂತು, ಹತ್ತಿ ಕೂತೆ. ನಿಮಗೆ ಗೊತ್ತಿದ್ದರೆ, ನಿಮ್ಮ ಮನೆಯ ಹುಡುಗಿಗಾದರೂ ಹೇಳಿಬಿಡಿ: ಬೇಡ ಅಂದವರ ಹೆಸರೇನು?